ಸಂದಿಯಲ್ಲೂ ಸಲ್ಲುವ ಕಾರು

ದೊಡ್ಡ ಕಾರು ಕೊಂಡವರು ಮನೆಗೆ ಬಂದವರಿಗೆ ಕಾರು ತೋರಿಸುತ್ತಾರೆ. ಸಣ್ಣ ಕಾರು ಇಟ್ಟುಕೊಂಡವರು ಅದನ್ನು ನಿಲ್ಲಿಸಿದ ಜಾಗ ತೋರಿಸುತ್ತಾರೆ. ನಾನು ಎರಡನೆಯ ಪಂಗಡದವಳು. ಗಾಂಧಿಬಜಾರಿನ ಅಡ್ಡರಸ್ತೆಗಳಲ್ಲಿ ಒಂದು ಹೊಂಗೆಮರಕ್ಕೂ ಅದರಾಚೆಯ ಟ್ರಾನ್ಸ್‌ಫಾರ್ಮರಿಗೂ ನಡುವೆ ಯಾರಿಗೂ ಬೇಡವಾದ ಒಂದು ಸಂದಿ ಇರುತ್ತದೆ. ಸ್ಕೂಟರಿನವರು ಅದು ಕಾರಿನವರದೆಂದು ಬಿಟ್ಟಿರುತ್ತಾರೆ, ಕಾರಿನವರು ಸ್ಕೂಟರಿನವರದೆಂದು. ಅಂಥ ಸಂದಿ ಕಣ್ಣಿಗೆ ಬಿದ್ದರೆ ನನಗೆ ಆಗುವ ಹಿಗ್ಗನ್ನು ಸೀರೆ ಅಂಗಡಿಯವರು ಇಂದಿಗೂ ಹುಟ್ಟಿಸಲಾಗಿಲ್ಲ. ದಾಟಿ ಮುಂದೆ ಹೋಗುವುದು, ಕನ್ನಡಿಯಲ್ಲಿ ಮರದ ಬುಡ ಕಾಣುವವರೆಗೆ ಕಾಯುವುದು, ಪೂರ್ತಿ ಎಡಕ್ಕೆ ಒಡೆದು ಹಿಂದಕ್ಕೆ ಬಿಡುವುದು, ಮೂತಿ ತಿರುಗುತ್ತಿದ್ದಂತೆ ಬಲಕ್ಕೆ ಬಿಚ್ಚಿಕೊಳ್ಳುವುದು. ಎಲ್ಲಿಂದಲೋ ಪ್ರತ್ಯಕ್ಷನಾದ ಹುಡುಗ ಹಿಂಗಾಜಿನ ಮೇಲೆ ತಟ್ಟುತ್ತ, “ಬರ್ಲಿ, ಬರ್ಲಿ, ಇನ್ನೂ ಬರ್ಲಿ ಮೇಡಂ” ಎನ್ನುತ್ತಾನೆ. ಕಾರು ನಿಂತ ಮೇಲೆ ಮುಂದೊಂದು ಗೇಣು, ಹಿಂದೊಂದು ಗೇಣು ಉಳಿದಿರುತ್ತದೆ. ನನ್ನ ದಿನದ ದುಡಿಮೆ ಅಲ್ಲಿಗೆ ಸಾರ್ಥಕ. ಕೊಂಡು ತರಬೇಕಾದ ಕಾಫಿಪುಡಿ ಆಮೇಲಿನ ಮಾತು.

ಸಣ್ಣ ಕಾರು ಓಡಿಸುವುದು ಒಂದು ಕಲೆ ಎಂದರೆ ನಮ್ಮ ಭಾವನವರು ನಗುತ್ತಾರೆ. ಅವರದು ಏಳು ಸೀಟಿನ ಗಾಡಿ. ಅದನ್ನು ಹತ್ತಲು ಒಂದು ಮೆಟ್ಟಿಲು ಬೇರೆ ಇದೆ. ಹಿಂದೆ ಕ್ಯಾಮೆರಾ, ನಾಲ್ಕೂ ಕಡೆ ಕಿರುಗುಟ್ಟುವ ಸೆನ್ಸರು. ಎಲ್ಲ ಇದ್ದೂ ಅವರ ಬಂಪರಿನ ಒಂದು ಮೂಲೆಯಲ್ಲಿ ಸದಾ ಒಂದು ಗೀರು ಇರುತ್ತದೆ. ನನ್ನ ಹಳೆಯ ಆಲ್ಟೊದಲ್ಲಿ ಈ ಯಾವ ಸವಲತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಕೂತಲ್ಲಿಂದ ಸ್ವಲ್ಪ ವಾಲಿ ಎಡಗೈ ಚಾಚಿದರೆ ಆಚೆ ಬಾಗಿಲಿನ ಗಾಜು ಇಳಿಸಬಹುದು. ತಿರುಗಿ ನೋಡಿದರೆ ಹಿಂಗಾಜು ಇಲ್ಲೇ ಇದೆ, ಅದರಾಚೆ ಕಾರು ಮುಗಿದೇ ಹೋಯಿತು. ನಾಲ್ಕು ಮೂಲೆಯೂ ಮೈಗೆ ಗೊತ್ತು. ಅಳತೆ ಕೊಟ್ಟು ಹೊಲಿಸಿದ ರವಿಕೆ ತೊಟ್ಟಾಗ ತೋಳು ಎಲ್ಲಿ ಮುಗಿಯಿತೆಂದು ಕನ್ನಡಿ ನೋಡಬೇಕಾಗಿಲ್ಲವಲ್ಲ, ಹಾಗೆ. ಎದುರಿನಿಂದ ನೀರಿನ ಟ್ಯಾಂಕರ್ ಬಂದಾಗ ಎಷ್ಟು ಸರಿಯಬೇಕೆಂಬ ಲೆಕ್ಕ ತಲೆಯಲ್ಲಿ ನಡೆಯುವುದಿಲ್ಲ, ಕೈಯಲ್ಲೇ ನಡೆದುಬಿಡುತ್ತದೆ. ಓಡಿಸುವುದರ ಸುಖ ವೇಗದಲ್ಲಿದೆ ಎಂದು ನಂಬಿಸಿದವರು ಬೆಂಗಳೂರಿನಲ್ಲಿ ಓಡಿಸಿದವರಲ್ಲ. ಇಲ್ಲಿ ಸುಖವಿರುವುದು ಅಳತೆಯಲ್ಲಿ.

ಅಳತೆಯ ಮಾತು ಬಂದಿತಲ್ಲ, ಒಂದಿಷ್ಟು ಲೆಕ್ಕ ಹಾಕೋಣ. ಒಂದು ಕಾರು ನಿಲ್ಲಲೆಂದು ನಮ್ಮಲ್ಲಿ ಸಾಮಾನ್ಯವಾಗಿ ಗೆರೆ ಎಳೆಯುವ ಜಾಗ 5 ಮೀಟರ್ ಉದ್ದ, 2.5 ಮೀಟರ್ ಅಗಲ. ಅಂದರೆ ಹನ್ನೆರಡೂವರೆ ಚದರ ಮೀಟರ್; ನಮ್ಮೂರಿನಲ್ಲಿ ಅಷ್ಟರಲ್ಲಿ ಒಂದು ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಮಾರುತಿ 800 ಎಂಬ ಪುಣ್ಯಾತ್ಮ ಅದರಲ್ಲಿ ಹಿಡಿಯುತ್ತಿದ್ದದ್ದು ಐದು ಚದರ ಮೀಟರಿಗೂ ಕಡಿಮೆ. 4.8 ಮೀಟರ್ ಉದ್ದ, 1.85 ಮೀಟರ್ ಅಗಲದ ಇಂದಿನ ದೊಡ್ಡ ಎಸ್‌ಯುವಿ ಹೆಚ್ಚುಕಡಿಮೆ ಒಂಬತ್ತು ಚದರ ಮೀಟರ್ ನುಂಗುತ್ತದೆ. ತೂಕದ ಲೆಕ್ಕ ಇನ್ನೂ ಚೆನ್ನಾಗಿದೆ. 800ರ ತೂಕ ಸುಮಾರು 650 ಕೆ.ಜಿ. ಅರವತ್ತೈದು ಕೆ.ಜಿ.ಯ ನನ್ನನ್ನು ಹೊತ್ತು ತರಲು ನನ್ನ ಹತ್ತರಷ್ಟು ಕಬ್ಬಿಣ ಹೊರಡುತ್ತಿತ್ತು, ಅದೇ ಅತಿಯಾಯಿತು. ಎರಡು ಟನ್ನಿನ ಗಾಡಿಯಲ್ಲಿ ಒಬ್ಬರೇ ಕೂತು ಕೊತ್ತಂಬರಿಸೊಪ್ಪಿಗೆ ಹೋಗುವುದೆಂದರೆ ಮೂವತ್ತರಷ್ಟು. ಸೊಪ್ಪಿನ ತೂಕ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಜಾಗವನ್ನು ಹೀಗೆ ಚೌಕಾಸಿ ಮಾಡಿ ಕಾರು ಕಟ್ಟಿದವರಲ್ಲಿ ನನಗೆ ಅಚ್ಚುಮೆಚ್ಚಿನವರು ಇಬ್ಬರು. ಇಟಲಿಯ ದಾಂತೆ ಜಾಕೋಸ ಒಬ್ಬರು. 1957ರಲ್ಲಿ ಅವರು ರೂಪಿಸಿದ ಫಿಯೆಟ್ 500 ಮೂರು ಮೀಟರ್ ಉದ್ದವೂ ಇರಲಿಲ್ಲ. ಹಿಂಬದಿಯಲ್ಲಿ ಗಾಳಿಯಿಂದಲೇ ತಣಿಯುವ, ಎರಡು ಸಿಲಿಂಡರಿನ 479 ಸಿಸಿ ಎಂಜಿನ್ನು. ನೆತ್ತಿಯ ಮೇಲೆ ಮಡಚಿಡಬಹುದಾದ ಬಟ್ಟೆಯ ಸೂರು. ವೆಸ್ಪಾ ಸ್ಕೂಟರಿನ ಮೇಲೆ ಸಂಸಾರ ಸಾಗಿಸುತ್ತಿದ್ದ ಇಟಲಿಯವರಿಗೆ ತಲೆಯ ಮೇಲೊಂದು ಸೂರು ಸಿಕ್ಕಿತು, ಬೇಡವಾದಾಗ ಅದನ್ನು ಸರಿಸುವ ಸ್ವಾತಂತ್ರ್ಯವೂ ಸಿಕ್ಕಿತು. ಇನ್ನೊಬ್ಬರು ಇಂಗ್ಲೆಂಡಿನಲ್ಲಿ ಮಿನಿ ಕಾರು ಕಟ್ಟಿದ ಅಲೆಕ್ ಇಸಿಗೋನಿಸ್. 1956ರ ಸೂಯೆಜ್ ಬಿಕ್ಕಟ್ಟಿನಿಂದ ಅಲ್ಲಿ ಪೆಟ್ರೋಲಿಗೆ ರೇಷನ್ ಬಂದಿತ್ತು. ಹತ್ತಡಿ ಉದ್ದದೊಳಗೆ ನಾಲ್ವರು ಕೂರಬೇಕೆಂದು ಹಟ ಹಿಡಿದ ಈ ಮನುಷ್ಯ ಎಂಜಿನ್ನನ್ನೇ ಅಡ್ಡಡ್ಡ ಮಲಗಿಸಿದರು. ಗೇರುಪೆಟ್ಟಿಗೆಯನ್ನು ಅದರ ಕೆಳಗಿನ ಆಯಿಲ್ ತೊಟ್ಟಿಯೊಳಗೇ ತೂರಿಸಿದರು. ಚಕ್ರಗಳನ್ನು ಹತ್ತಿಂಚಿಗೆ ಇಳಿಸಿ ನಾಲ್ಕು ಮೂಲೆಗೆ ದಬ್ಬಿದರು. ಬಾಗಿಲ ಗಾಜು ಕೆಳಗಿಳಿದರೆ ಬಾಗಿಲ ಹೊಟ್ಟೆಯ ಜಾಗ ದಂಡ ಎಂದು ಗಾಜನ್ನು ಪಕ್ಕಕ್ಕೆ ಸರಿಯುವಂತೆ ಮಾಡಿ, ಬಾಗಿಲೊಳಗೆ ಸಾಮಾನಿಡಲು ಜೇಬು ಕೊಟ್ಟರು. ಕಾರಿನ ನೆಲದಲ್ಲಿ ನೂರಕ್ಕೆ ಎಂಬತ್ತು ಪಾಲು ಜನಕ್ಕೂ ಸಾಮಾನಿಗೂ ಉಳಿಯಿತು. 1959ರಲ್ಲಿ ಬೀದಿಗಿಳಿದ ಆ ಮಿನಿ ಮುಂದೆ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಮೂರು ಸಲ ಗೆದ್ದು ದೊಡ್ಡ ಕಾರುಗಳ ಮುಖ ಸಣ್ಣದು ಮಾಡಿತು. ಅಡ್ಡ ಮಲಗಿದ ಆ ಎಂಜಿನ್ನಿನ ಸಂತತಿ ಇಂದು ನಮ್ಮ ಬೀದಿಯ ಬಹುಪಾಲು ಕಾರುಗಳ ಬಾನೆಟ್ಟಿನಡಿ ಇದೆ. ಹತ್ತು ಬೈ ಹನ್ನೆರಡರ ಅಡುಗೆಮನೆಯಲ್ಲಿ ಬದುಕು ಸಾಗಿಸಿದ ಯಾವ ಹೆಂಗಸೂ ಇಸಿಗೋನಿಸರನ್ನು ನೋಡಿ “ಇವರು ನಮ್ಮವರು” ಎನ್ನದೆ ಇರಲಾರಳು.

ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಣ್ಣ ಕಾರಿನ ಅಳತೆಯನ್ನು ಕಾನೂನಿನಲ್ಲೇ ಬರೆದಿಟ್ಟರು. ಅವರು ‘ಕೇ’ ಎಂದು ಕರೆಯುವ ಈ ಕಾರುಗಳು ಗೊತ್ತುಪಡಿಸಿದ ಉದ್ದ, ಅಗಲ, ಎಂಜಿನ್ನು ಮೀರುವಂತಿಲ್ಲ. ಮೀರದಿದ್ದರೆ ತೆರಿಗೆಯಲ್ಲಿ ರಿಯಾಯಿತಿ. ಮೊದಲು 360 ಸಿಸಿ ಇದ್ದ ಮಿತಿ 1976ರಲ್ಲಿ 550ಕ್ಕೆ, 1990ರಲ್ಲಿ 660ಕ್ಕೆ ಏರಿತು. ಈಗಿನ ಮಿತಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ. ನಂಬರ್ ಪ್ಲೇಟು ಅರಿಸಿನದ ಬಣ್ಣದ್ದು, ಶುಭಕ್ಕೆ ಇನ್ನೇನು ಬೇಕು! ಇದಕ್ಕೂ ನಮಗೂ ನಂಟಿಲ್ಲವೆಂದುಕೊಳ್ಳಬೇಡಿ. ಸುಜುಕಿ ಕಂಪನಿ ತನ್ನ ಕೇ ಕಾರಿಗೇ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು ಕೂರಿಸಿ ಹೊರದೇಶಗಳಿಗೆ ಕಳಿಸುತ್ತಿತ್ತು. ಅದೇ 1983ರ ಡಿಸೆಂಬರ್ 14ರಂದು ನಮ್ಮಲ್ಲಿ ಮಾರುತಿ 800 ಆಗಿ ಇಳಿಯಿತು. ಮೊದಲ ಕಾರಿನ ಕೀಲಿಕೈಯನ್ನು ಕೊಟ್ಟವರು ಇಂದಿರಾ ಗಾಂಧಿ. ಆಗ ಜಪಾನಿನ ನಿಯಮದಲ್ಲಿ ಕೇ ಕಾರಿನ ಅಗಲ 1.4 ಮೀಟರ್ ಮೀರುವಂತಿರಲಿಲ್ಲ. ಹಾಗಾಗಿ ತುಮಕೂರಿನ ಮದುವೆಗೆ ಹೊರಟ ನಮ್ಮ ಅತ್ತೆ, ಸೋದರತ್ತೆ, ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಎಷ್ಟು ಒತ್ತಿಕೊಂಡು ಕೂರಬೇಕೆಂಬುದನ್ನು ತೀರ್ಮಾನಿಸಿದ್ದು ಟೋಕಿಯೊದ ಯಾವುದೋ ಕಚೇರಿಯ ಗುಮಾಸ್ತರು.

ಒತ್ತಿಕೊಂಡು ಕೂರುವುದಕ್ಕೂ ನಮ್ಮಲ್ಲಿ ಶಾಸ್ತ್ರವಿತ್ತು. ಮೂವರು ಕೂತರೆ ನಡುವಿನವರು ಒಂದು ಮೊಳ ಮುಂದಕ್ಕೆ. ನಾಲ್ವರಾದರೆ ಒಬ್ಬರು ಬಿಟ್ಟು ಒಬ್ಬರು ಮುಂದಕ್ಕೆ. ತೆಳ್ಳಗಿನವರು ಮಧ್ಯೆ, ವಾಂತಿ ಬರುವವರು ಕಿಟಕಿಗೆ, ಮಾತು ಬಿಟ್ಟವರು ಆ ತುದಿಗೊಬ್ಬರು ಈ ತುದಿಗೊಬ್ಬರು. ಅರ್ಧ ದಾರಿ ದಾಟುವಷ್ಟರಲ್ಲಿ ಮಾತು ಬಿಟ್ಟವರೂ ಮಾತಾಡಿಕೊಳ್ಳುತ್ತಿದ್ದರು, ಏಕೆಂದರೆ ನೀರಿನ ಬಾಟಲಿ ಆ ತುದಿಯಿಂದ ಈ ತುದಿಗೆ ಬರಲೇಬೇಕಿತ್ತು. ಡಿಕ್ಕಿ ಎಂಬುದು ಹೆಸರಿಗೆ ಮಾತ್ರ. ಅದರಲ್ಲೇ ಊರಿನ ಹಲಸಿನಹಣ್ಣು, ಎರಡು ಸೂಟ್‌ಕೇಸು, ಉಪ್ಪಿನಕಾಯಿ ಜಾಡಿ, ಅತ್ತೆಯವರ ಮಡಿಬಟ್ಟೆಯ ಚೀಲ. ಯಾವುದು ಮೊದಲು, ಯಾವುದು ಮೇಲೆ ಎಂಬುದು ಮನೆಯಲ್ಲಿ ಒಬ್ಬರಿಗೆ ಮಾತ್ರ ತಿಳಿದ ವಿದ್ಯೆ. ಬೇರೆಯವರು ತುಂಬಿದರೆ ಬಾಗಿಲು ಮುಚ್ಚುತ್ತಿರಲಿಲ್ಲ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂಬ ನಮ್ಮೂರಿನ ಮಹಾವಾಕ್ಯದ ಗುರುಕುಲ 800ರ ಹಿಂದಿನ ಸೀಟು ಎಂದೇ ನನ್ನ ನಂಬಿಕೆ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಅಷ್ಟರಲ್ಲಿ ದೇಶದ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಂಸಾರಗಳು ಆ ಗುರುಕುಲದಲ್ಲಿ ಓದಿ ಮುಗಿಸಿದ್ದವು.

ನಮ್ಮೂರಿನವರು ಬರೀ ಸಣ್ಣ ಕಾರು ಕೊಂಡವರಲ್ಲ, ಕಟ್ಟಿದವರು ಕೂಡ. ಮಾರುತಿ ಬರುವ ಮೊದಲೇ ಬೆಂಗಳೂರಿನ ಸಿಪಾನಿಯವರು ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಬೀದಿಗೆ ಬಿಟ್ಟಿದ್ದರು. ಫೈಬರ್‌ಗ್ಲಾಸಿನ ಮೈ, ಹಿಂದೆ ಪುಟ್ಟ ಎಂಜಿನ್ನು, ಮುಂದೆ ಒಂದೇ ಚಕ್ರ. ಆಟೋದಂತೆ ತಿರುಗಿ ಕಾರಿನಂತೆ ಬೀಗುತ್ತಿತ್ತಂತೆ. 1980ರ ದಶಕದ ಆರಂಭದಲ್ಲಿ ಅವರೇ ತಂದ ‘ಡಾಲ್ಫಿನ್’ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ತಂಗಿ. ಅದಕ್ಕೂ ಫೈಬರಿನದೇ ಮೈ. ನೋಡಿದವರು ಗೊಂಬೆಯೆಂದು ನಕ್ಕರು. ಆದರೆ ಹಗುರವಾಗಿದ್ದ ಆ ಗೊಂಬೆ ಮದರಾಸಿನ ಬಳಿಯ ಶೋಳವರಂ ರೇಸುಗಳಲ್ಲಿ ಓಡಿ ಹೆಸರು ಮಾಡಿತು. ಮಾರುತಿ ಬಂದ ಮೇಲೆ ಅದರ ಆಟ ನಡೆಯಲಿಲ್ಲ.

ಆಮೇಲೆ 2001ರಲ್ಲಿ ಬಂತು ರೇವಾ. ಚೇತನ್ ಮೈನಿಯವರ ಬ್ಯಾಟರಿ ಕಾರು. ಎಲೆಕ್ಟ್ರಿಕ್ ಕಾರು ಎಂದರೆ ಆಟಿಕೆ ಅಂಗಡಿಯ ಸಾಮಾನು ಎಂದು ಲೋಕ ತಿಳಿದಿದ್ದ ಕಾಲವದು. ಉದ್ದ ಬರೀ 2.6 ಮೀಟರ್. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮೈಗೆ ಲೋಹದ ತಗಡಿನ ಬದಲು ಪ್ಲಾಸ್ಟಿಕ್ಕಿನ ಹೊದಿಕೆ, ಅಂದರೆ ಸಣ್ಣಪುಟ್ಟ ಗುದ್ದಿಗೆ ಟಿಂಕರಿಂಗ್ ಅಂಗಡಿಯ ದಾರಿ ಹಿಡಿಯಬೇಕಿರಲಿಲ್ಲ. ಸೀಟಿನಡಿ ಸೀಸದ ಬ್ಯಾಟರಿಗಳು. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಿಗ್ಗೆ ಎಂಬತ್ತು ಕಿಲೋಮೀಟರ್ ಆಸುಪಾಸಿನ ಓಟ. ಜಯನಗರದ ಬೀದಿಯಲ್ಲಿ ಅದು ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತಾಗ ಜನ ಒಳಗೆ ಇಣುಕಿ “ಎಂಜಿನ್ ಎಲ್ರೀ?” ಎಂದು ಕೇಳುತ್ತಿದ್ದರು. ನಮ್ಮವರು ಇಣುಕುತ್ತಲೇ ಇದ್ದಾಗ ಲಂಡನ್ನಿನವರು ಕೊಂಡರು. ಅಲ್ಲಿ ಅದರ ಹೆಸರು ಜಿ-ವಿಜ್. ನಗರದ ನಡುಭಾಗಕ್ಕೆ ಕಾರು ತಂದವರೆಲ್ಲ ತೆರಬೇಕಾಗಿದ್ದ ದಟ್ಟಣೆ ಶುಲ್ಕ ಈ ಬ್ಯಾಟರಿ ಕಾರಿಗೆ ಇರಲಿಲ್ಲ. ಬೊಮ್ಮಸಂದ್ರದಲ್ಲಿ ಹುಟ್ಟಿದ ಕಾರು ಥೇಮ್ಸ್ ದಂಡೆಯಲ್ಲಿ ಬಿಟ್ಟಿಯಾಗಿ ತಿರುಗಿತು. ಇವತ್ತು ಮೂರು ಮೀಟರಿಗೂ ಗಿಡ್ಡನೆಯ ಎಂಜಿ ಕಾಮೆಟ್ ಎಂಬ ಬ್ಯಾಟರಿ ಕಾರನ್ನು ಕಂಡು “ಎಷ್ಟು ಹೊಸದಾಗಿದೆ!” ಎಂದು ಬೆರಗಾಗುವ ಹುಡುಗರಿಗೆ ಈ ಕಥೆ ಹೇಳಬೇಕೆನಿಸುತ್ತದೆ.

ಸಣ್ಣ ಕಾರಿನ ಪುರಾಣದಲ್ಲಿ ಒಂದು ನೋವಿನ ಅಧ್ಯಾಯವೂ ಇದೆ, ನ್ಯಾನೊ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುತ್ತಿದ್ದ ಸಂಸಾರವನ್ನು ಕಂಡ ರತನ್ ಟಾಟಾ ಅವರಿಗೆ ಹೊಳೆದ ಕಾರು ಅದು. 2008ರ ಜನವರಿಯಲ್ಲಿ ದೆಹಲಿಯಲ್ಲಿ ಅನಾವರಣಗೊಂಡಾಗ ಲೋಕವೆಲ್ಲ ತಿರುಗಿ ನೋಡಿತು. 3.1 ಮೀಟರ್ ಉದ್ದ, ಹಿಂದೆ 624 ಸಿಸಿಯ ಎರಡು ಸಿಲಿಂಡರಿನ ಎಂಜಿನ್ನು, ಒಂದೇ ವೈಪರು, ಚಕ್ರಕ್ಕೆ ಮೂರೇ ನಟ್ಟು. ನಾಲ್ಕು ಮೀಟರಿನ ತಿರುಗಳತೆಯಲ್ಲಿ ಗಲ್ಲಿಯೊಳಗೇ ಹೊರಳಿ ಬರುತ್ತಿತ್ತು. ಒಳಗೆ ಆರಡಿಯ ಆಳೂ ತಲೆಯೆತ್ತಿ ಕೂರಬಹುದಿತ್ತು. ಗುಣ ಇಷ್ಟಿದ್ದರೂ ‘ಒಂದು ಲಕ್ಷದ ಕಾರು’ ಎಂಬ ಹಣೆಪಟ್ಟಿ ಅದಕ್ಕೆ ಮುಳುವಾಯಿತು. ಅಗ್ಗದ ಕಾರೆಂದು ಸಾರಿದ್ದೇ ತಪ್ಪಾಯಿತೆಂದು ಟಾಟಾ ಅವರೇ ಮುಂದೆ ಹೇಳಿದರು. ನಮ್ಮ ಜನಕ್ಕೆ ಅಗ್ಗದ ಟೊಮೆಟೊ ಬೇಕು, ಅಗ್ಗದ ಬಂಗಾರ ಬೇಕು. ಎದುರುಮನೆಯವರಿಗೆ ಬೆಲೆ ಗೊತ್ತಿರುವ ಅಗ್ಗದ ಕಾರು ಮಾತ್ರ ಬೇಡ. 2018ರಲ್ಲಿ ಅದರ ತಯಾರಿಕೆ ನಿಂತಿತು.

ಎದುರುಮನೆಯವರ ಕಣ್ಣಿನ ಮಾತು ತೆಗೆದಮೇಲೆ ಕಲ್ಯಾಣಮಂಟಪದ ಗೇಟಿನ ಮಾತು ಬರಲೇಬೇಕು. ಅಲ್ಲಿ ಸೀಟಿ ಊದುವ ಕಾವಲುಗಾರ ದೊಡ್ಡ ಗಾಡಿಗೆ ಸಲಾಮು ಹೊಡೆದು ಮುಂಬಾಗಿಲಿಗೆ ಬಿಡುತ್ತಾನೆ, ನನಗೆ ಕೈಬೀಸಿ ಹಿಂದಿನ ಅಡುಗೆಯವರ ಓಣಿ ತೋರಿಸುತ್ತಾನೆ. ಅದರಲ್ಲಿ ಅವಮಾನ ಕಾಣುವವರು ಕಾಣಲಿ. ಊಟ ಮುಗಿಸಿ ತಾಂಬೂಲ ಹಿಡಿದು ಬಂದಾಗ ಮುಂಬಾಗಿಲ ದೊಡ್ಡ ಗಾಡಿಗಳು ಒಂದಕ್ಕೊಂದು ಅಡ್ಡ ನಿಂತು, ಯಾರದೋ ಡ್ರೈವರಿನ ಹೆಸರನ್ನು ಮೈಕಿನಲ್ಲಿ ಕೂಗುತ್ತಿರುತ್ತಾರೆ. ನಾನು ಅಡುಗೆಯವರ ಓಣಿಯಿಂದ ಸಲೀಸಾಗಿ ಹೊರಬಿದ್ದು ಮನೆ ಸೇರಿರುತ್ತೇನೆ. “ಮೇಡಂ, ಇನ್ನೂ ಇದೇ ಗಾಡೀನಾ?” ಎಂದು ಕೇಳುವವರಿದ್ದಾರೆ. “ಲೇಡೀಸ್ ಕಾರು ಬಿಡಿ” ಎಂದು ಗಂಭೀರವಾಗಿ ಸಮಾಧಾನ ಹೇಳುವವರೂ ಇದ್ದಾರೆ. ಲೇಡೀಸ್ ಎಂದರೆ ಜಾಗ ಹಾಳು ಮಾಡದವರು, ಪೆಟ್ರೋಲು ಉಳಿಸುವವರು, ಹಿಂದಕ್ಕೆ ನೋಡಿ ರಿವರ್ಸ್ ತೆಗೆಯುವವರು ಎಂಬ ಅರ್ಥದಲ್ಲಾದರೆ ಆ ಬಿರುದು ನನಗೆ ಒಪ್ಪಿಗೆ.

ಇನ್ನೊಂದು ಲಾಭವನ್ನು ಯಾವ ಷೋರೂಮಿನವರೂ ಹೇಳುವುದಿಲ್ಲ. ಸಣ್ಣ ಕಾರಿನಲ್ಲಿ ಕೂತವರ ಕಣ್ಣು ಬೀದಿಯ ಮಟ್ಟದಲ್ಲೇ ಇರುತ್ತದೆ. ಸೊಪ್ಪಿನ ಗಾಡಿಯಲ್ಲಿ ದಂಟು ಬಾಡಿದೆಯೋ ಇಲ್ಲವೋ ಕಿಟಕಿಯಿಂದಲೇ ತಿಳಿಯುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವರು ಮುಖ ನೋಡಿ, “ಅಕ್ಕಾ, ಎಡಗಡೆ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಐತೆ ನೋಡ್ಕಳಿ” ಎನ್ನುತ್ತಾರೆ. ಎತ್ತರದ ಗಾಡಿಯ ಕರಿಗಾಜಿಗೆ ಇಂಥ ಉಪಕಾರ ಯಾರು ಹೇಳುತ್ತಾರೆ? ಬಳೇಪೇಟೆ, ಕಬ್ಬನ್‌ಪೇಟೆಯ ಓಣಿಗಳು ಎತ್ತಿನಗಾಡಿಯ ಕಾಲದವು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡ ಬಡಾವಣೆಗಳು. ಜಟಕಾ, ಸೈಕಲ್ಲುಗಳ ಹದಕ್ಕೆ ಹಾಕಿದ ರಸ್ತೆಗಳು. ಈ ಊರಿಗೆ ಎಷ್ಟು ಮೇಲುಸೇತುವೆ ಕಟ್ಟಿದರೂ ಕೊನೆಗೆ ನಾವೆಲ್ಲ ಇಳಿದು ಹೋಗಬೇಕಾದದ್ದು ಆ ಅಡ್ಡರಸ್ತೆಗಳಿಗೇ.

ಆಯುಧಪೂಜೆಯ ದಿನವಂತೂ ಸಣ್ಣ ಕಾರಿನ ಸಂಸಾರ ನೋಡಬೇಕು. ಒಂದು ಬಕೆಟ್ ನೀರಿನಲ್ಲಿ ಮೈತೊಳೆದು ಮುಗಿಯುತ್ತದೆ. ಹಬ್ಬದ ರೇಟಿಗೆ ಏರಿದ ಚೆಂಡುಹೂವು ಎರಡು ಮಾರು ಸಾಕು. ಚಕ್ರದಡಿ ಇಡುವ ನಿಂಬೆಹಣ್ಣು ಮಾತ್ರ ದೊಡ್ಡ ಗಾಡಿಗೂ ನಾಲ್ಕೇ, ಸಣ್ಣದಕ್ಕೂ ನಾಲ್ಕೇ. ದೇವರ ಲೆಕ್ಕದಲ್ಲಿ ಇಬ್ಬರೂ ಸಮ.

ಮೆಚ್ಚಿದ್ದನ್ನು ಹೊಗಳುವ ಭರದಲ್ಲಿ ಕಂಡ ಕುಂದನ್ನು ಮುಚ್ಚಿಡಬಾರದು. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಸಣ್ಣದೆಂಬುದು ನೆಪವಾಗಿತ್ತೇ ಹೊರತು ಕಾರಣವಾಗಿರಲಿಲ್ಲ. ಉಳಿಸಿದ ದುಡ್ಡು ಸುರಕ್ಷತೆಯದಾಗಿತ್ತು. 2019ರ ಜುಲೈಯಿಂದ ಚಾಲಕರ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾಯಿತು. ಇಂದಿನ ಸಣ್ಣ ಕಾರುಗಳು ಅಂದಿಗಿಂತ ಎಷ್ಟೋ ಗಟ್ಟಿ. ಆದರೂ ಎರಡು ಟನ್ನಿನ ಗಾಡಿ ನೂರಿಪ್ಪತ್ತರ ವೇಗದಲ್ಲಿ ಪಕ್ಕಕ್ಕೆ ಬೀಸಿಕೊಂಡು ಹೋಗುವಾಗ ಹಗುರ ಕಾರಿನ ಎದೆ ನಡುಗುತ್ತದೆ, ನನ್ನದೂ. ಅದಕ್ಕೇ ರಾತ್ರಿ ಹೆದ್ದಾರಿಗೆ ನನ್ನ ಕಾರು ಇಳಿಯುವುದಿಲ್ಲ. ದೂರದ ಊರಿಗೆ ರೈಲಿದೆ, ಐರಾವತ ಬಸ್ಸಿದೆ. ಊರಿನ ಕಾರು ಊರಿನ ಕೆಲಸಕ್ಕೆ.

ಒಂದೇ ಒಂದು ವಿನಾಯಿತಿ ಇಟ್ಟುಕೊಂಡಿದ್ದೇನೆ, ಆಗುಂಬೆ. ಆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ದೊಡ್ಡ ಗಾಡಿಯವರು ಮುಂದೆ ಹೋಗಿ, ಹಿಂದೆ ಬಂದು, ಎದುರಿನವರಿಗೆ ಕೈಮುಗಿದು ತಿರುಗಿಸಿಕೊಳ್ಳುವಾಗ ಸಣ್ಣ ಕಾರು ಎರಡನೇ ಗೇರಿನಲ್ಲಿ ಗುನುಗುತ್ತ ಒಂದೇ ಬಾರಿಗೆ ಹೊರಳಿಬಿಡುತ್ತದೆ. ಎಂಜಿನ್ನಿನ ಶಕ್ತಿ ಸಾಲದು ನಿಜ. ಸಾಲದಿರುವುದರಿಂದಲೇ ಗೇರು ಯಾವಾಗ ಇಳಿಸಬೇಕು, ಏರಿಗೆ ಮೊದಲೇ ಎಷ್ಟು ಓಟ ಕೂಡಿಸಿಕೊಳ್ಳಬೇಕು, ಎಸಿ ಎಲ್ಲಿ ಆರಿಸಬೇಕು ಎಂಬುದನ್ನೆಲ್ಲ ಕಿವಿಯಿಂದಲೇ ಕಲಿಯುತ್ತೇವೆ. ಬೇಕಾದ್ದಕ್ಕಿಂತ ಹೆಚ್ಚು ಶಕ್ತಿಯುಳ್ಳ ಗಾಡಿಗೆ ಓಡಿಸುವವರ ಜಾಣತನದ ಅಗತ್ಯವೇ ಬೀಳುವುದಿಲ್ಲ.

ಈಗ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಎಸ್‌ಯುವಿಗಳು. ಸರ್ಕಾರ 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಸುಂಕ ಇಳಿಸಿ, ಸಣ್ಣದೆಂದರೆ ನಾಲ್ಕು ಮೀಟರ್ ಒಳಗಿನದು ಎಂದು ಗೆರೆ ಎಳೆಯಿತು. ಕಂಪನಿಗಳು ಆ ಗೆರೆಗೆ ಮೂಗು ತಾಗುವಷ್ಟು ಉಬ್ಬಿಸಿದ ಗಾಡಿ ಮಾಡಿ, ಎತ್ತರಿಸಿ, ಮುಖಕ್ಕೆ ಗಂಟು ಹಾಕಿಸಿ ಮಾರುತ್ತಿವೆ. ಬೀದಿಗಳು ಮಾತ್ರ ಅಂದಿನಷ್ಟೇ ಅಗಲ ಉಳಿದಿವೆ.

ಆದ್ದರಿಂದ ಕಾರು ಕೊಳ್ಳಹೊರಟವರಲ್ಲಿ ನನ್ನದೊಂದು ಬಿನ್ನಹ. ಷೋರೂಮಿಗೆ ಹೋಗುವ ಮೊದಲು ಟೇಪು ಹಿಡಿದು ನಿಮ್ಮ ಗೇಟು ಅಳೆಯಿರಿ, ಬೀದಿ ಅಳೆಯಿರಿ. ವಾರವೆಲ್ಲ ನಿಮ್ಮ ಕಾರಿನಲ್ಲಿ ನಿಜವಾಗಿ ಎಷ್ಟು ಜನ ಕೂರುತ್ತಾರೆಂದು ಎಣಿಸಿ. ಟೆಸ್ಟ್ ಡ್ರೈವಿಗೆ ಹೊರವರ್ತುಲ ರಸ್ತೆ ಬೇಡ; ಸಂಜೆ ಆರು ಗಂಟೆಗೆ ನಿಮ್ಮ ತರಕಾರಿ ಅಂಗಡಿಯ ಮುಂದೆ ಹೋಗಿ ನಿಲ್ಲಿಸಿ ನೋಡಿ. ಏರ್‌ಬ್ಯಾಗ್ ಎಷ್ಟಿವೆ, ನಕ್ಷತ್ರ ಎಷ್ಟು ಬಂದಿದೆ ಎಂದು ಬಾಯಿಬಿಟ್ಟು ಕೇಳಿ. ಆಮೇಲೆ, ಸಾಲುವಷ್ಟು ಕಾರನ್ನು ಕೊಳ್ಳಿ. ಧರ್ಮಸ್ಥಳಕ್ಕೆ ಮನೆಮಂದಿಯೆಲ್ಲ ಹೊರಡುವ ದಿನ ದೊಡ್ಡ ಗಾಡಿ ಬಾಡಿಗೆಗೆ ಸಿಗುತ್ತದೆ. ಅಗಲವಾದ ಬೀದಿ ಬಾಡಿಗೆಗೆ ಸಿಗುವುದಿಲ್ಲ.